ಯುರೋಪಿನ ಕೊಸೊವೊದ ಹುಳಕ್ಕೆ ಕೊರೋನಾವೈರಸ್ ಅಂತ ಹೆಸರಿಟ್ಟಿದ್ದಾರಂತೆ. ಅದು ಹೊಸ ಪ್ರಭೇದ ಅಂತ ಹೇಗೆ ಗೊತ್ತಾಗುತ್ತೆ?

ನೀವು ಒಂದೇ ಉಸಿರಿಗೆ ಮೂರು ವಿಷಯ ಕೇಳಿದ್ದೀರಿ: ಪತಂಗದ ಹಾಗೆ ಕಾಣುವ ಕಂದು ಹುಳವೊಂದನ್ನು ಹಿಡಿದು ‘ಇದು ಜಗತ್ತಿಗೇ ಹೊಸದು’ ಅಂತ ಹೇಗೆ ಹೇಳ್ತಾರೆ, ಆ ಹೆಸರು ಬರೀ ಪ್ರಚಾರಕ್ಕಾ, ನಿಮ್ಮ ತೋಟದ ಮನೆಯ ದೀಪಕ್ಕೆ ಬರುವ ಇಂಥದ್ದೇ ಹುಳವನ್ನು ಏನು ಮಾಡಬೇಕು. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಮಲೆನಾಡಿನ ಹಳ್ಳಗಳಲ್ಲಿ ಇದೇ ಗುಂಪಿನ ಹುಳ ಹೆಕ್ಕಿದವಳು ನಾನು. ಸ್ವಲ್ಪ ಉದ್ದಕ್ಕೇ ಬರೀತೀನಿ.

ಇವನ್ನು ಕ್ಯಾಡಿಸ್ ಹುಳ ಅಂತಾರೆ. ಹಳ್ಳದ ಕಲ್ಲೊಂದನ್ನು ಮಗುಚಿದರೆ ಅದರ ಅಡಿಗೆ ಅಂಟಿಕೊಂಡು ಅಕ್ಕಿಕಾಳಿಗಿಂತ ತುಸು ಉದ್ದದ ಮರಳಿನ ಕೊಳವೆ ಕಾಣುತ್ತೆ. ಅಂಗೈ ಮೇಲಿಟ್ಟುಕೊಂಡು ಅಲುಗದೆ ಕೂತಿರಿ. ಒಂದು ತುದಿಯಿಂದ ಕಂದು ತಲೆ ಇಣುಕುತ್ತೆ, ಆಮೇಲೆ ಆರು ಕಾಲು, ಕೊನೆಗೆ ಮನೆಯನ್ನೇ ಎಳ್ಕೊಂಡು ಹೊರಡುತ್ತೆ. ಮರಳಿನ ಕಣಗಳನ್ನು ಒಂದೊಂದಾಗಿ ಆರಿಸಿ, ತಿರುಗಿಸಿ ನೋಡಿ, ಬಾಯಿಂದ ಬರುವ ರೇಷ್ಮೆಯಲ್ಲಿ ಅಂಟಿಸಿ ಕಟ್ಟಿದ ಮನೆ ಅದು. ರೇಷ್ಮೆ ಅಂದದ್ದು ಬಾಯಿಮಾತಿಗಲ್ಲ. ಚಿಟ್ಟೆ, ಪತಂಗಗಳಿಗೆ ಅತಿ ಹತ್ತಿರದ ದಾಯಾದಿ ಈ ಗುಂಪೇ. ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನ ನೂಲಿಗೂ ಹಳ್ಳದ ಈ ಹುಳದ ನೂಲಿಗೂ ಮೂಲ ಒಂದೇ. ಇದರ ನೂಲು ನೀರೊಳಗೂ ಅಂಟುತ್ತೆ. ಬೆಳೆದು ರೆಕ್ಕೆ ಬಂದ ಮೇಲೆ ನೀರು ಬಿಟ್ಟು ಹಾರುತ್ತೆ. ಪತಂಗದ ರೆಕ್ಕೆ ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತಲ್ಲ, ಇದರ ರೆಕ್ಕೆ ಮೇಲೆ ಆ ಪುಡಿಯ ಬದಲು ಸಣ್ಣ ಕೂದಲು. ಟ್ರೈಕಾಪ್ಟೆರಾ ಅನ್ನೋ ಗುಂಪಿನ ಹೆಸರಿಗೂ ಕೂದಲಿನ ರೆಕ್ಕೆ ಅಂತಲೇ ಅರ್ಥ.

ಈಗ ಕೊಸೊವೊಗೆ ಬರೋಣ. ಅಲ್ಲಿ ಬ್ಯೆಶ್ಕೆಟ್ ಎ ನೆಮುನ ಅನ್ನೋ ರಾಷ್ಟ್ರೀಯ ಉದ್ಯಾನವಿದೆ; ಹೆಸರಿನ ಅರ್ಥ ‘ಶಾಪಗ್ರಸ್ತ ಬೆಟ್ಟಗಳು’. ಪ್ರಿಶ್ಟಿನಾ ವಿಶ್ವವಿದ್ಯಾಲಯದ ಹಲಿಲ್ ಇಬ್ರಾಹಿಮಿ ಮತ್ತು ಸಂಗಡಿಗರು ಪೊಟಮೊಫೈಲಾಕ್ಸ್ ಕೊರೋನಾವೈರಸ್ ಅಂತ 2021ರ ಏಪ್ರಿಲ್‌ನಲ್ಲಿ ವಿವರಿಸಿದ ಹುಳ ಅಲ್ಲಿಯದು. ಆದರೆ ಅದನ್ನು ಹಿಡಿದದ್ದು ಕೆಲವು ವರ್ಷ ಮೊದಲೇ. ಹಿಡಿಯೋದು ಒಂದು ಸಂಜೆಯ ಕೆಲಸ. ‘ಹೊಸದು’ ಅಂತ ಎದೆ ತಟ್ಟಿ ಹೇಳೋದಕ್ಕೆ ವರ್ಷಗಳು ಬೇಕು.

ಯಾಕೆಂದರೆ ಹತ್ತಿರದ ಪ್ರಭೇದಗಳನ್ನು ರೆಕ್ಕೆ, ಬಣ್ಣ ನೋಡಿ ಬೇರ್ಪಡಿಸೋಕೆ ಆಗಲ್ಲ, ಎಲ್ಲವೂ ಒಣಗಿದ ಎಲೆಯ ಹಾಗೆ ಕಾಣ್ತವೆ. ಗುರುತು ಇರೋದು ಹೆಚ್ಚಾಗಿ ಗಂಡಿನ ಹೊಟ್ಟೆಯ ತುದಿಯಲ್ಲಿ, ಜನನಾಂಗದಲ್ಲಿ. ಹೊಟ್ಟೆಯ ಭಾಗವನ್ನು ಬೇರ್ಪಡಿಸಿ ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ಬಿಸಿ ಮಾಡಿದರೆ ಒಳಗಿನ ಮಾಂಸ ಕರಗಿ, ಜೇನಿನ ಬಣ್ಣದ ಚಿಪ್ಪಷ್ಟೇ ಉಳಿಯುತ್ತೆ. ಅದನ್ನು ಗ್ಲಿಸರಿನ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಸೂಜಿಮೊನೆಯಿಂದ ಮೆಲ್ಲಗೆ ಹೊರಳಿಸಬೇಕು. ಆಗ ಕೊಕ್ಕೆ, ಮುಳ್ಳು, ಚಿಮಟದಂಥ ಜೋಡಿ ಭಾಗಗಳು ಒಂದೊಂದಾಗಿ ಬೆಳಕಿಗೆ ಬರ್ತವೆ. ಬರಿಗಣ್ಣಿಗೆ ಕಂದು ಚುಕ್ಕೆಯಂತಿದ್ದುದರಲ್ಲಿ ಇಷ್ಟು ಕೆತ್ತನೆ ಇದೆಯಾ ಅಂತ ಮೊದಲ ದಿನ ನಾನು ಊಟದ ಹೊತ್ತು ಮೀರಿದ್ದೇ ತಿಳಿಯದೆ ನೋಡ್ತಾ ಕೂತಿದ್ದೆ. ಪಕ್ಕದಿಂದ, ಮೇಲಿಂದ, ಕೆಳಗಿನಿಂದ ಚಿತ್ರ ಬರೆದು, ಆ ಗುಂಪಿನಲ್ಲಿ ಈವರೆಗೆ ಹೆಸರಾದ ಪ್ರತಿಯೊಂದರ ಚಿತ್ರ, ವಿವರಣೆಯ ಜೊತೆ ಹೋಲಿಸಬೇಕು. ಅನುಮಾನ ಬಂದರೆ, ಹಳೇ ಪ್ರಭೇದಕ್ಕೆ ಹೆಸರಿಟ್ಟಾಗ ಆಧಾರವಾಗಿ ತೆಗೆದಿಟ್ಟ, ಸಂಗ್ರಹಾಲಯದಲ್ಲಿರುವ ಮೂಲ ಮಾದರಿಯನ್ನೇ ನೋಡಬೇಕು. ಒಂದು ಮುಳ್ಳು ತುಸು ಸೊಟ್ಟಗಿದೆ ಅಂದ ಮಾತ್ರಕ್ಕೆ ಹೊಸದಾಗಲ್ಲ.

ಕೊಸೊವೊದವರು ಇದರ ಜೊತೆಗೆ ಡಿಎನ್‌ಎ ಕೂಡ ಹೋಲಿಸಿದರು. ಇದು ವಾಸಿಸೋದು ಸುಮಾರು 2000 ಮೀಟರ್ ಎತ್ತರದ ಬಯಲು ಜಾಗದಲ್ಲಿ ಅನ್ನೋದನ್ನೂ ದಾಖಲಿಸಿದರು. ರೂಪ, ಡಿಎನ್‌ಎ, ವಾಸಸ್ಥಳ ಮೂರೂ ಒಂದೇ ಮಾತು ಹೇಳಿದಾಗ ಹೆಸರಿಟ್ಟರು. ಅವರ ಇಡೀ ಸಂಶೋಧನಾ ಲೇಖನದಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು: ಕೊಸೊವೊ ಇರುವ ಬಾಲ್ಕನ್ ಪ್ರದೇಶದ ಬೇರೆ ಕೆಲವು ಹುಳಗಳೂ ಹೊಸವೇ ಅಂತ ಅವರಿಗೆ ಅದೇ ಅಧ್ಯಯನದಲ್ಲಿ ಕಂಡಿತ್ತು. ಆದರೂ ಇನ್ನಷ್ಟು ಮಾದರಿ ಸಿಗಲಿ ಅಂತ ಹೆಸರಿಡದೆ ಬಿಟ್ಟರು. ಬರೀ ಪ್ರಚಾರ ಬೇಕಾದವರು ಹಾಗೆ ಕಾಯಲ್ಲ.

ಹೆಸರಿನ ವಿಷಯ. ಪೊಟಮೊಫೈಲಾಕ್ಸ್ ಅನ್ನೋದು ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಹಳೇ ಹೆಸರು, ಗ್ರೀಕಿನಲ್ಲಿ ‘ನದಿಯ ಕಾವಲುಗಾರ’. ಅದರ ಪಕ್ಕ ಕೊರೋನಾವೈರಸ್ ಸೇರಿಸೋಕೆ ಅವರು ಎರಡು ಕಾರಣ ಕೊಟ್ಟಿದ್ದಾರೆ. ಅಧ್ಯಯನ ನಡೆದದ್ದು ಸಾಂಕ್ರಾಮಿಕದ ಕಾಲದಲ್ಲಿ ಅನ್ನೋದು ಒಂದು. ಇನ್ನೊಂದು, ಕೊಸೊವೊದ ನದಿಗಳ ಜೀವಿಗಳಿಗೆ ಸದ್ದಿಲ್ಲದೆ ಇನ್ನೊಂದು ಸಾಂಕ್ರಾಮಿಕ ಬಡಿದಿದೆ ಅನ್ನೋದು: ಮಾಲಿನ್ಯ ಮತ್ತು ಅಂಕೆಯಿಲ್ಲದೆ ನಡೆಯುವ ಜಲವಿದ್ಯುತ್ ಘಟಕಗಳು. ಈ ಹುಳ ಸಿಕ್ಕ ಲುಂಬಾರ್ಧಿ ಇ ಡೆಚಾನಿತ್ ನದಿಯ ಪಾತ್ರದಲ್ಲೇ ಅಂಥ ಘಟಕ ಇದ್ದು, ಅದರ ಬಗ್ಗೆ ವಿಜ್ಞಾನಿಗಳು ಮತ್ತು ನಾಗರಿಕರು ಜಗಳ ಹೂಡಿದ್ದರು. ಕ್ಯಾಡಿಸ್ ಹುಳಗಳಲ್ಲಿ ಬಹಳಷ್ಟಕ್ಕೆ ತಂಪಾದ, ಆಮ್ಲಜನಕ ತುಂಬಿದ ಹರಿಯುವ ನೀರೇ ಬೇಕು. ಒಂದೇ ಬೆಟ್ಟಸಾಲಿನಲ್ಲಿರುವ ಹುಳಕ್ಕೆ ಆ ನೀರು ಕೆಟ್ಟರೆ ಹೋಗೋಕೆ ಬೇರೆ ಜಾಗವಿಲ್ಲ. ಹೆಸರಿಲ್ಲದಿದ್ದರೆ ಅದು ಯಾವ ಪಟ್ಟಿಗೂ ಸೇರದೆ, ಯಾವ ವರದಿಯಲ್ಲೂ ಬರದೆ ಹೋಗಿಬಿಡುತ್ತಿತ್ತು. ಹಾಗಾಗಿ ಜನರ ಕಿವಿಗೆ ಬೀಳುವ ಹೆಸರಿಟ್ಟದ್ದು ಸರಿಯೇ ಅಂತ ನನ್ನ ಅಭಿಪ್ರಾಯ.

ಇನ್ನು ನಿಮ್ಮ ತೋಟದ ಹುಳ. ಫೋಟೋ ತೆಗೆದರೆ ಗುಂಪು ಗೊತ್ತಾಗಬಹುದು, ಪ್ರಭೇದ ಗೊತ್ತಾಗೋದು ಕಷ್ಟ. ಕತ್ತಲಾಗುವ ಹೊತ್ತಿಗೆ ಬಿಳಿ ಪಂಚೆ ಕಟ್ಟಿ ಅದರ ಮುಂದೆ ದೀಪವಿಟ್ಟರೆ ಬಂದು ಕೂರ್ತವೆ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದವರನ್ನು ಜೊತೆಗೆ ಕರೆದುಕೊಳ್ಳಿ. ಅರಣ್ಯದೊಳಗಾದರೆ ಇಲಾಖೆಯ ಅನುಮತಿ ಬೇಕೇ ಬೇಕು. ನಿಜಕ್ಕೂ ಹೊಸದು ಅಂತಾದರೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅದರ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಕೊಡಬೇಕು.

ಆಲ್ಕೋಹಾಲಿನ ಸೀಸೆಗೆ ಹಾಕುವಾಗ ಹಳ್ಳದ ಹೆಸರು, ಊರು, ತಾರೀಕು ಬರೆದ ಚೀಟಿಯನ್ನು ಒಳಗೇ ಹಾಕಿ. ಪೆನ್ಸಿಲಿನಲ್ಲೇ ಬರೀರಿ. ನಾನು ಮೊದಲ ಹನ್ನೊಂದು ಸೀಸೆಗಳ ಚೀಟಿಯನ್ನು ಬಾಲ್‌ಪೆನ್ನಿನಲ್ಲಿ ಬರೆದಿದ್ದೆ. ಕೆಲವು ತಿಂಗಳಾದ ಮೇಲೆ ತೆಗೆದು ನೋಡಿದರೆ ಶಾಯಿ ಕರಗಿ ಬರೀ ಬಿಳಿ ಕಾಗದ. ಆ ಹುಳಗಳು ಯಾವ ಹಳ್ಳದವು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.