ಸ್ಕೀ ಅಗಲ ಇರಲಿ, ಬೈಂಡಿಂಗ್ ಯಾರು ಕೂರಿಸುತ್ತಾರೆ ಹೇಳಿ

104 ಮಿ.ಮೀ. ಅಗಲದ ಸ್ಕೀ ತೆಗೆದುಕೊಳ್ಳಿ, ಮುಗಿಯಿತು. ಪ್ರತಿ ವರ್ಷ ಗುಲ್ಮಾರ್ಗಕ್ಕೆ ಹೋಗುವ ದುರ್ಗದವರೊಬ್ಬರು ಫ್ರೀರೈಡ್‌ಗೆ (ಸಜ್ಜು ಮಾಡದ ಹಿಮದಲ್ಲಿ ಇಳಿಯುವುದು) ಒಂದೇ ಜೊತೆ ಸ್ಕೀ ಸಾಕು, ಹತ್ತುವುದಕ್ಕೂ ಅದೇ ಬೇಕು, ಪಾದದ ಕೆಳಗಿನ ಅಗಲ 96, 104, 112 ಮಿ.ಮೀ. ಇವುಗಳಲ್ಲಿ ಯಾವುದು ಎಂದು ಕೇಳಿದ್ದು ನೋಡಿ ನಗು ಬಂತು. ನಾನು ದಾವಣಗೆರೆಯವನು, ಇದೇ ಮಿಲಿಮೀಟರ್ ಲೆಕ್ಕದಲ್ಲಿ ಒಂದು ಮಳೆಗಾಲ ಪೂರ್ತಿ ತಲೆ ಕೆಡಿಸಿಕೊಂಡವನು. ಕೊನೆಗೆ ಕೈಕೊಟ್ಟಿದ್ದು ಅಗಲ ಅಲ್ಲ, ಸ್ಕ್ರೂ.

ಮ್ಯೂನಿಕ್‌ನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಊರಿಗೆ ಬರುವಾಗ ಸ್ಕೀ ತಂದುಕೊಟ್ಟ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬೇರೆ ಡಬ್ಬಿಯಲ್ಲಿತ್ತು. ಕೂರಿಸಿ ಕೊಡಲಾ ಎಂದು ಅಂಗಡಿಯವರು ಕೇಳಿದ್ದರಂತೆ. ಬೂಟು ಇಲ್ಲಿ ನನ್ನ ಹತ್ತಿರ ಇದೆ, ಬೂಟಿಲ್ಲದೆ ಅವರು ಹೇಗೆ ಕೂರಿಸುತ್ತಾರೆ ಎಂದು ನಾನೇ ಬೇಡ ಅಂದೆ. ನಾನು ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಗಡಿಯವರಿಗೆ ಬೂಟು ಬೇಕಿಲ್ಲ, ಬೂಟಿನ ತಳದ ಉದ್ದ ಬೇಕು. ಅದು ಹಿಮ್ಮಡಿಯ ಪಕ್ಕದ ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿರುತ್ತದೆ, ನನ್ನದರಲ್ಲಿ 315 ಮಿ.ಮೀ. ಅದರ ಜೊತೆ ತಳ ಯಾವ ಮಾದರಿ ಅಂತ ಗೊತ್ತಾದರೆ ಆಯಿತು. ಒಂದು ವಾಟ್ಸಾಪ್ ಫೋಟೋ ಸಾಕಿತ್ತು! ಅವರ ಹತ್ತಿರ ಆಯಾ ಬೈಂಡಿಂಗಿಗೆ ಜಿಗ್ (ತೂತಿನ ಜಾಗ ತೋರಿಸುವ ಅಚ್ಚು) ಇರುತ್ತದೆ, ಉದ್ದ ಹೊಂದಿಸಿದರೆ ತೂತಿನ ಜಾಗ ತಾನೇ ಬರುತ್ತದೆ. ಉದ್ದದಲ್ಲಿ ಒಂದಿಷ್ಟು ವ್ಯತ್ಯಾಸ ಆದರೂ ಬೈಂಡಿಂಗನ್ನು ಹಿಂದೆ ಮುಂದೆ ಸರಿಸಬಹುದು.

ನಾನೇನು ಮಾಡಿದೆ? ನೆಟ್‌ನಲ್ಲಿ ಸಿಕ್ಕ ಪೇಪರ್ ಟೆಂಪ್ಲೇಟನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಮನೆ ಹತ್ತಿರದ ಬಡಗಿ ಬಳಿ ಹೋದೆ. ಅಂಗಡಿ ಹುಡುಗ ಅದನ್ನು ಪುಟಕ್ಕೆ ಹೊಂದಿಸಿ ಕುಗ್ಗಿಸಿದ್ದ, ಗುರುತುಗಳು ತುಸು ಹತ್ತಿರ ಬಂದಿದ್ದವು. ನಾನು ಸ್ಕೇಲ್ ಇಟ್ಟು ನೋಡಲಿಲ್ಲ. ಬಡಗಿ ಒಳ್ಳೆ ಕೆಲಸಗಾರ, 9 ಮಿ.ಮೀ. ಆಳಕ್ಕೆ ನಿಲ್ಲಲಿ ಎಂದು ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿಕೊಂಡ. ಮೊದಲ ತೂತಿನಲ್ಲೇ ಮರದ ಪುಡಿ ಜೊತೆ ಬೆಳ್ಳಗೆ ಹೊಳೆಯುವ ಸುರುಳಿಯೊಂದು ಮೇಲೆ ಬಂತು. "ಒಳಗೆ ತಗಡು ಐತಿ ನೋಡ್ರಿ ಸರ್, ಇದಕ್ಕೆ ದೊಡ್ಡ ಬಿಟ್ ಬೇಕಾಗ್ತೈತಿ" ಎಂದ. "ಏನಾಗಲ್ಲ ಬಿಡಣ್ಣ, ಹಾಕು" ಎಂದೆ.

ಅವನ ಡಬ್ಬಿಯಲ್ಲಿದ್ದದ್ದು 3.5 ಮಿ.ಮೀ. ಬಿಟ್. ಬೇಕಿದ್ದದ್ದು 4.1, ಸ್ಕೀ ಮೇಲೆಯೇ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಟೈಟಾನಲ್ (ಒಂದು ಅಲ್ಯೂಮಿನಿಯಂ ಮಿಶ್ರಲೋಹ) ಹಾಳೆ ಇರುವ ಸ್ಕೀಗೆ ಸಾಮಾನ್ಯವಾಗಿ 4.1, ಲೋಹ ಇಲ್ಲದ ಮರದ ಸ್ಕೀಗೆ 3.6. ತೂತು ಚಿಕ್ಕದಾದರೆ ಸ್ಕ್ರೂ ಒಳ್ಳೆ ಬಿಗಿಯಾಗಿ ಕೂತ ಹಾಗೆ ಅನಿಸುತ್ತದೆ, ಆದರೆ ಅದು ತಗಡನ್ನು ಸುತ್ತಲೂ ಮೇಲಕ್ಕೆ ಎಬ್ಬಿಸುತ್ತಿರುತ್ತದೆ. ಪಕ್ಕದಿಂದ ನೋಡಿದರೆ ಹೀಲ್ ಪೀಸಿನ (ಬೈಂಡಿಂಗಿನ ಹಿಮ್ಮಡಿ ಕಡೆಯ ಭಾಗ) ಕೆಳಗೆ ಕೂದಲೆಳೆಯಷ್ಟು ಸಂದು ಕಾಣುತ್ತಿತ್ತು. ಇನ್ನೊಂದು ಸುತ್ತು ತಿರುಗಿಸಿ ಸುಮ್ಮನಾದೆ. ತೂತಿಗೆ ಅಂಟು ಕೂಡ ಹಾಕಿರಲಿಲ್ಲ.

ಗುಲ್ಮಾರ್ಗದ ಅಫರ್ವತ್ ಬೆಟ್ಟದಲ್ಲಿ, ಗೊಂಡೋಲಾದ (ಕೇಬಲ್ ಕಾರು) ಮೇಲಿನ ನಿಲ್ದಾಣದಿಂದ ಸ್ವಲ್ಪ ಕೆಳಗೆ, ಗಾಳಿಗೆ ಗಟ್ಟಿಯಾದ ಹಿಮದಲ್ಲಿ ಬಲಕ್ಕೆ ತಿರುಗುವಾಗ ಎಡ ಸ್ಕೀ ಮೇಲೆ ಪೂರ್ತಿ ಭಾರ ಬಿಟ್ಟೆ. ಹೀಲ್ ಪೀಸ್ ಸ್ಕ್ರೂ ಸಮೇತ ಕಿತ್ತು ಬಂತು. ಬ್ರೇಕ್ ಇರುವುದು ಹೀಲ್ ಪೀಸಿನಲ್ಲೇ ಅಲ್ವಾ, ಅದು ನನ್ನ ಬೂಟಿಗೆ ಕಚ್ಚಿಕೊಂಡಿತ್ತು, ಹಾಗಾಗಿ ಸ್ಕೀಯನ್ನು ತಡೆಯುವವರು ಯಾರೂ ಇಲ್ಲದೆ ಅದು ಕಣಿವೆ ಪಾಲಾಯಿತು. ಮೊಣಕಾಲಿನ ಲಿಗಮೆಂಟ್ ಎಳೆದುಕೊಂಡಿತು, ಸೀಸನ್ ಅಲ್ಲಿಗೇ ಮುಗಿಯಿತು. ಊರಿಗೆ ಬಂದ ಮೇಲೆ ಫಿಸಿಯೋಥೆರಪಿಯವರು "ಬೈಕಿಂದ ಬಿದ್ರಾ?" ಎಂದು ಕೇಳಿದರು. ಹೌದು ಅಂದುಬಿಟ್ಟೆ, ದಾವಣಗೆರೆ ಬಿಸಿಲಲ್ಲಿ ಕೂತು ಸ್ಕೀ ಕಥೆ ಯಾರು ಹೇಳುತ್ತಾರೆ.

ಈಗ 104 ಯಾಕೆ ಅಂದರೆ, 112ರ ಆಸೆ ಬರುವುದೇ ವಿಡಿಯೋ ನೋಡಿ. ಜೋರು ಹಿಮ ಬಿದ್ದ ಮೇಲೆ ಸ್ಕೀ ಗಸ್ತಿನವರು ಹಿಮಕುಸಿತದ ಅಪಾಯ ನೋಡಿಯೇ ಮೇಲಿನ ಇಳಿಜಾರು ತೆರೆಯುತ್ತಾರೆ, ತೆರೆದ ದಿನವೇ ಎಲ್ಲರೂ ನುಗ್ಗುತ್ತಾರೆ. ಉಳಿದ ದಿನ ನಿಮಗೆ ಸಿಗುವುದು ಕೆದರಿದ ಹಿಮ, ಬಿಸಿಲಿಗೆ ಪೊರೆ ಕಟ್ಟಿದ ಹಿಮ, ಇಳಿಜಾರಿಗೆ ಅಡ್ಡವಾಗಿ ಸಾಗುವ ಉದ್ದುದ್ದ ದಾರಿ. ಗಟ್ಟಿ ಹಿಮದಲ್ಲಿ ಅಗಲದ ಸ್ಕೀಯ ಅಂಚು ಪಾದದಿಂದ ದೂರ ಇರುತ್ತದೆ, ಅದನ್ನು ವಾಲಿಸಿ ಹಿಡಿಯುವ ಕೆಲಸ ಮೊಣಕಾಲಿಗೆ ಬೀಳುತ್ತದೆ. 96 ಕೂಡ ಕೆಟ್ಟದ್ದಲ್ಲ, ಆಳದ ಹಿಮದಲ್ಲಿ ಸ್ವಲ್ಪ ಜಾಸ್ತಿ ಮುಳುಗುತ್ತದೆ ಅಷ್ಟೆ. ಮುಂದೆ ರಾಕರ್ (ಮೇಲಕ್ಕೆ ಬಾಗಿದ ತುದಿ), ಪಾದದ ಕೆಳಗೆ ಕ್ಯಾಂಬರ್ (ಕಮಾನಿನಂಥ ಉಬ್ಬು), ಉದ್ದ ನಿಮ್ಮ ಎತ್ತರದ ಆಸುಪಾಸು, ಒಂದೊಂದು ಸ್ಕೀ 1,900 ಗ್ರಾಂ ಹತ್ತಿರ ಇರಲಿ. ತೀರಾ ಹಗುರದ್ದು ಕೆದರಿದ ಹಿಮದಲ್ಲಿ ಕಾಲನ್ನೇ ಎತ್ತಿ ಎಸೆಯುತ್ತದೆ. ಕಂಪನಿ ಯಾವುದಾದರೂ ಆಗಲಿ, ಈ ಅಳತೆಯಲ್ಲಿ ಹೇಳಿಕೊಳ್ಳುವಂಥ ಕೆಟ್ಟ ಸ್ಕೀಯನ್ನು ನಾನು ನೋಡಿಲ್ಲ.

ಹತ್ತುವುದಕ್ಕೂ ಬೇಕು ಎಂದಿದ್ದೀರಿ. ನಿಜವಾಗಿ ಹತ್ತುತ್ತೀರಾ? ಗೊಂಡೋಲಾ ಇಳಿದು ಏಣು ಹಿಡಿದು ನಡೆಯುವಾಗ ಸ್ಕೀ ಹೆಗಲ ಮೇಲೆ ಇರುತ್ತದೆ, ಅದಕ್ಕೆ ಟೂರಿಂಗ್ ಬೈಂಡಿಂಗ್ (ಹತ್ತುವಾಗ ಹಿಮ್ಮಡಿ ಎತ್ತಲು ಬಿಡುವಂಥದ್ದು) ಬೇಡ. ಸ್ಕಿನ್ (ಜಾರದಂತೆ ಸ್ಕೀ ತಳಕ್ಕೆ ಅಂಟಿಸುವ ಪಟ್ಟಿ) ಹಾಕಿ ಹತ್ತುವುದು ಗ್ಯಾರಂಟಿ ಇದ್ದರೆ ಮಾತ್ರ 2018ರಲ್ಲಿ ಬಂದ ಸಾಲೋಮನ್ ಶಿಫ್ಟ್ ಥರದ್ದು ನೋಡಿ, ಅದರಲ್ಲಿ ಹತ್ತಲು ಬೈಂಡಿಂಗಿನ ಪಿನ್ ಕೂರುವ ಕುಳಿಗಳಿರುವ ಬೂಟೇ ಬೇಕು. ಟೂರಿಂಗ್ ಬೈಂಡಿಂಗ್ ಬೇಡವಾದರೆ ಉಳಿಯುವ ದುಡ್ಡಿಗೆ ಟ್ರಾನ್ಸೀವರ್ (ಹಿಮದಡಿ ಸಿಕ್ಕವರನ್ನು ಹುಡುಕುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಕೋಲು), ಸಲಿಕೆ ಸ್ವಂತದ್ದು ತೆಗೆದುಕೊಳ್ಳಿ. 104ರ ಸ್ಕೀಗೆ 110 ಮಿ.ಮೀ. ಅಗಲದ ಬ್ರೇಕ್ ಹೇಳಿ, 90 ಬಂದರೆ ಸ್ಕೀ ಮೇಲೆಯೇ ಸಿಕ್ಕಿಕೊಳ್ಳುತ್ತದೆ.

ನಿಮಗೂ ಹೊರಗಿನಿಂದ ಯಾರಾದರೂ ತರುವವರಿದ್ದರೆ ಅಲ್ಲೇ ಕೂರಿಸಿಕೊಂಡು ಬರಲಿ, ನಿಮ್ಮ ತೂಕ, ಎತ್ತರ, ವಯಸ್ಸು, ಸ್ಕೀ ಮಾಡುವ ಮಟ್ಟ, ತಳದ ಉದ್ದ ಕೊಟ್ಟರೆ ಬಿಡುಗಡೆ ಮೌಲ್ಯವನ್ನೂ (ಎಷ್ಟು ಬಲ ಬಿದ್ದರೆ ಬೈಂಡಿಂಗ್ ಬೂಟನ್ನು ಬಿಡಬೇಕು ಎನ್ನುವ ಅಂಕಿ) ಅವರೇ ಹೊಂದಿಸುತ್ತಾರೆ. ತರುವವರು ಇಲ್ಲದಿದ್ದರೆ ಗುಲ್ಮಾರ್ಗದಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ, ಅದರಲ್ಲಿ ಅವಮಾನ ಏನೂ ಇಲ್ಲ. ಅಂದಹಾಗೆ ಇಷ್ಟುದ್ದ ಪ್ರಶ್ನೆಯಲ್ಲಿ ನಿಮ್ಮ ಬೂಟು ಯಾವುದು ಅಂತ ಬರೆದೇ ಇಲ್ಲ. ತಳ ಗ್ರಿಪ್‌ವಾಕ್ (ನಡೆಯಲು ಸುಲಭವಾಗುವಂತೆ ಬಾಗಿಸಿದ ತಳ) ಆಗಿದ್ದರೆ ಬೈಂಡಿಂಗ್ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ನೋಡಿ, ಸ್ಕೀ ಆಮೇಲೆ.