ಸ್ಕಾಟ್ಲೆಂಡಿನ ಆಡಮ್ ರಾಬ್ಸನ್ ರಗ್ಬಿ ಬಿಟ್ಟ ಮೇಲೆ ಚಿತ್ರಕಾರರಾದದ್ದು ಹೇಗೆ?

ನೀವು ಹೇಳಿದ ಕ್ರಮ ಸ್ವಲ್ಪ ಹಿಂದುಮುಂದಾಗಿದೆ. ಚಿತ್ರಕಲೆಯೇ ಅವರ ಹೊಟ್ಟೆಪಾಡು. ರಗ್ಬಿಯಿಂದ ಸಂಬಳ ಬರುತ್ತಿರಲಿಲ್ಲ. ಅವರು ಆಡುತ್ತಿದ್ದ ರಗ್ಬಿ ಯೂನಿಯನ್ ಎಂಬ ಬಗೆಯಲ್ಲಿ ಆಟಗಾರರಿಗೆ ದುಡ್ಡು ಕೊಡಬಹುದು ಅಂತ ಒಪ್ಪಿದ್ದೇ 1995ರಲ್ಲಿ. ಅಲ್ಲಿಯ ತನಕ ದೇಶಕ್ಕೆ ಆಡುವವರೂ ವಾರವಿಡೀ ತಮ್ಮ ಕೆಲಸ ಮಾಡಿ ಶನಿವಾರ ಮೈದಾನಕ್ಕೆ ಇಳಿಯುತ್ತಿದ್ದರು. ರಾಬ್ಸನ್ ಡಾಲರ್ ಅಕಾಡೆಮಿ ಎಂಬ ಶಾಲೆಯಲ್ಲಿ ಚಿತ್ರಕಲೆ ಮೇಷ್ಟ್ರಾಗಿದ್ದರು.

ನಾನೂ ಡ್ರಾಯಿಂಗ್ ಮೇಷ್ಟ್ರು. ಪರೀಕ್ಷೆ ಹತ್ತಿರ ಬಂದರೆ ನಮ್ಮಲ್ಲಿ ಡ್ರಾಯಿಂಗ್, ಪಿಟಿ ಎರಡೂ ಪೀರಿಯಡ್ ಗಣಿತಕ್ಕೆ ಹೋಗುತ್ತವೆ. ಆ ಎರಡನ್ನೂ ಇಷ್ಟು ಎತ್ತರಕ್ಕೆ ಒಯ್ದವರು ಅಂತಲೇ ನನಗೆ ಇವರ ಮೇಲೆ ಇಷ್ಟು ಅಭಿಮಾನ.

ಇಂಗ್ಲೆಂಡ್ ಗಡಿಯ ಬಳಿ, ಟೀವಿಯಟ್ ನದಿ ದಡದಲ್ಲಿ ಹಾಯ್ಕ್ ಅಂತ ಊರಿದೆ. ಉಣ್ಣೆ ಬಟ್ಟೆಗೆ ಎಷ್ಟು ಹೆಸರೋ ರಗ್ಬಿಗೂ ಅಷ್ಟೇ ಹೆಸರು. ರಾಬ್ಸನ್ ಅಲ್ಲಿನ ಕ್ಲಬ್ಬಿನವರು. ಆಡುತ್ತಿದ್ದುದು ಫ್ಲ್ಯಾಂಕರ್ ಆಗಿ. ಎರಡೂ ತಂಡದವರು ತಲೆಬಾಗಿ, ಒಬ್ಬರಿಗೊಬ್ಬರು ಆತುಕೊಂಡು ಚೆಂಡಿಗಾಗಿ ತಳ್ಳಾಡುವ ಗುಂಪಿಗೆ ಸ್ಕ್ರಮ್ ಅಂತಾರೆ. ಸ್ಕ್ರಮ್‌ನ ಅಂಚಿನಲ್ಲಿ ಭುಜ ಕೊಟ್ಟು ತಳ್ಳಬೇಕು, ಚೆಂಡು ಹೊರಬಿದ್ದ ಕೂಡಲೇ ಬಿಡಿಸಿಕೊಂಡು ಓಡಿ ಎದುರಾಳಿಯನ್ನು ಕೆಡವಬೇಕು. ಮೈ ಪುಡಿಯಾಗುವ ಜಾಗ ಅದು.

ಅವರು ಸ್ಕಾಟ್ಲೆಂಡ್ ತಂಡಕ್ಕೆ ಬಂದದ್ದು 1954ರಲ್ಲಿ, ತೀರಾ ಕೆಟ್ಟ ಕಾಲದಲ್ಲಿ. 1951ರ ಫೆಬ್ರವರಿಯಲ್ಲಿ ವೇಲ್ಸನ್ನು 19-0 ಸೋಲಿಸಿದ ಮೇಲೆ ಸ್ಕಾಟ್ಲೆಂಡ್ ಸತತವಾಗಿ 17 ಪಂದ್ಯ ಸೋತಿತ್ತು. ಅದರಲ್ಲೊಂದು ದಕ್ಷಿಣ ಆಫ್ರಿಕಾ ಎದುರು 44-0! ಕೊನೆಗೆ 1955ರ ಫೆಬ್ರವರಿಯಲ್ಲಿ ಎಡಿನ್‌ಬರ್ಗ್‌ನ ಮರ್ರಿಫೀಲ್ಡ್‌ನಲ್ಲಿ ಅದೇ ವೇಲ್ಸ್ ವಿರುದ್ಧ 14-8 ಗೆಲುವು. ಆ ದಿನ ರಾಬ್ಸನ್ ತಂಡದಲ್ಲಿದ್ದರು. 1960ರ ತನಕ ಒಟ್ಟು 22 ಪಂದ್ಯ ಆಡಿದರು.

ಆಮೇಲೆ ಆಡಳಿತ. 1983-84ರಲ್ಲಿ ಅವರು ಸ್ಕಾಟಿಷ್ ರಗ್ಬಿ ಯೂನಿಯನ್ನಿನ ಅಧ್ಯಕ್ಷರು. ಆ ವರ್ಷವೇ ಸ್ಕಾಟ್ಲೆಂಡ್ ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್, ಫ್ರಾನ್ಸ್ ನಾಲ್ಕನ್ನೂ ಸೋಲಿಸಿ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಿತು. ಹಿಂದಿನ ಸಲ ಗೆದ್ದದ್ದು 1925ರಲ್ಲಿ. ಕೋಚ್ ಜಿಮ್ ಟೆಲ್ಫರ್, ನಾಯಕ ಜಿಮ್ ಐಟ್ಕನ್. ಗೆದ್ದವರು ಅವರೇ, ಅಧ್ಯಕ್ಷರಲ್ಲ. ಆದರೂ ಸೋಲಿನ ಆ ಸರಣಿಯನ್ನು ಮೈಮೇಲೆ ಹೊತ್ತಿದ್ದವರು ಆಗ ಅಧ್ಯಕ್ಷರಾಗಿದ್ದರಲ್ಲ, ಅದು ನನಗೆ ತುಂಬಾ ಖುಷಿ.

ಅಂದ ಹಾಗೆ, ಇಂಗ್ಲೆಂಡ್-ಸ್ಕಾಟ್ಲೆಂಡ್ ಪಂದ್ಯದ ಕಪ್ ನಮ್ಮ ಕಲ್ಕತ್ತದ್ದು. ಅಲ್ಲಿನ ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿ ಕರಗಿಸಿ 1878ರಲ್ಲಿ ಮಾಡಿಸಿದ್ದು. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ರಾಬ್ಸನ್ ಅಧ್ಯಕ್ಷರಾಗಿದ್ದ ವರ್ಷ ಸ್ಕಾಟ್ಲೆಂಡ್ ಅದನ್ನೂ 18-6ರಿಂದ ಗೆದ್ದಿತು. ಚಿತ್ರಗಾರರೊಬ್ಬರ ಅವಧಿಯಲ್ಲಿ ಅಷ್ಟು ಚೆಂದದ ಕಪ್ ಮನೆಯಲ್ಲೇ ಉಳಿಯಿತು ಅನ್ನಿ.