ಇಐಎಸ್‌ಗೆ ದುಡ್ಡು ಹಾಕುವ ಮುಂಚೆ ಊರಿಗೆ ಮರಳುವ ಲೆಕ್ಕ

ನಿಮ್ಮ ಪ್ರಶ್ನೆ ಇದು: ಬ್ರಿಟನ್ನಿನ ರೀಡಿಂಗ್‌ಗೆ ಬಂದು ವರ್ಷವಾಯಿತು, ಗೆಳೆಯರೊಬ್ಬರ ಹೊಸ ಸಾಫ್ಟ್‌ವೇರ್ ಕಂಪನಿಗೆ 10,000 ಪೌಂಡ್ ಹಾಕಿದರೆ 3,000 ತೆರಿಗೆಯಲ್ಲಿ ವಾಪಸ್ ಬರುತ್ತದಂತೆ, ನಿಜವೇ? ಐದು ವರ್ಷಕ್ಕೆ ಮೈಸೂರಿಗೆ ಮರಳುವ ಯೋಚನೆ ಎಂದೂ ಬರೆದಿದ್ದೀರಿ. ನಾವು ಬಂದಾಗಲೂ ಎಲ್ಲರ ಬಾಯಲ್ಲೂ ಅದೇ ಐದು ವರ್ಷ. ನನ್ನ ಉತ್ತರ ಹೆಚ್ಚಾಗಿ ಆ ಮಾತಿಗೇ.

ಶೇ 30ರ ವಿಷಯ ನಿಜ. ಎಳೆಯ ಕಂಪನಿಗಳ ಷೇರಿಗೆ ದುಡ್ಡು ಹಾಕುವವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡುವ ಇಲ್ಲಿನ ಸರ್ಕಾರದ ಯೋಜನೆ ಇಐಎಸ್, 1994ರಿಂದ ಇದೆ. ಇನ್ನೂ ಎಳೆಯ ಕಂಪನಿಗಳಿಗೆ 2012ರಲ್ಲಿ ಎಸ್‌ಇಐಎಸ್ ಬಂತು, ಅದರಲ್ಲಿ ಶೇ 50. ಎರಡರಲ್ಲೂ ಷೇರನ್ನು ಮೂರು ವರ್ಷ ಇಟ್ಟುಕೊಳ್ಳಲೇಬೇಕು. ನೀವು ಕಟ್ಟಬೇಕಾದ ಆದಾಯ ತೆರಿಗೆಗಿಂತ ಹೆಚ್ಚು ರಿಯಾಯಿತಿ ಸಿಗುವುದಿಲ್ಲ. ಈ ವರ್ಷದ ತೆರಿಗೆ ಸಾಲದಿದ್ದರೆ ಹಿಂದಿನ ವರ್ಷದ್ದಕ್ಕೆ ಲೆಕ್ಕ ಹಾಕಿಸಿಕೊಳ್ಳಬಹುದು. ಇಂಥ ಹಲವು ಕಂಪನಿಗಳಲ್ಲಿ ಹಣ ಹಂಚುವ ವಿಸಿಟಿ ಎಂಬ ನಿಧಿಗಳಲ್ಲಿ ಐದು ವರ್ಷ ಇಡಬೇಕು, ನಿಮಗೆ ಅದು ಬೇಡ.

ಕಾಗದಪತ್ರದಲ್ಲಿ ಎಡವುವವರೇ ಹೆಚ್ಚು. ಹಣ ಪೂರ್ತಿ ಕಂಪನಿಯ ಖಾತೆಗೆ ಬಂದ ಮೇಲೆಯೇ ಷೇರು ಕೊಡಬೇಕು. ಮೊದಲು ಷೇರು, ಆಮೇಲೆ ದುಡ್ಡು ಎಂದರೆ ರಿಯಾಯಿತಿಯೇ ಹೋಯಿತು. ಕಂಪನಿ ಯೋಜನೆಗೆ ಹೊಂದುವಂತಿದೆ ಎಂದು ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ಮುಂಚಿತವಾಗಿ ಕೊಡುವ ಅಡ್ವಾನ್ಸ್ ಅಶೂರೆನ್ಸ್ ಪತ್ರ ಕೇಳಿ ನೋಡಿ, ಆದರೆ ಅದು ಖಾತರಿಯಲ್ಲ. ಕಂಪನಿ ನಾಲ್ಕು ತಿಂಗಳು ವ್ಯಾಪಾರ ನಡೆಸಿ, ಇಐಎಸ್1 ಫಾರ್ಮ್ ಸಲ್ಲಿಸಿ, ಒಪ್ಪಿಗೆ ಬಂದ ಮೇಲೆ ನಿಮಗೆ ಇಐಎಸ್3 ಪ್ರಮಾಣಪತ್ರ ಕೊಡುತ್ತದೆ. ಆ ಹಾಳೆ ಕೈಗೆ ಬರದೆ ಕ್ಲೇಮ್ ಮಾಡುವ ಹಾಗಿಲ್ಲ. ಅವಸರ ಬೇಡ: 2025-26ರ ಹೂಡಿಕೆಗೆ 2032ರ ಜನವರಿ 31ರವರೆಗೆ ಸಮಯವಿದೆ. ಆದರೆ ಕ್ಲೇಮ್ ಮಾಡದೆ ಬಿಟ್ಟರೆ ಮುಂದೆ ಲಾಭ ಬಂದಾಗ ಕ್ಯಾಪಿಟಲ್ ಗೇನ್ಸ್ (ಷೇರು ಮಾರಿದ ಲಾಭದ ಮೇಲಿನ ತೆರಿಗೆ) ವಿನಾಯಿತಿಯೂ ಇಲ್ಲ.

ನೀವು ಆ ಕಂಪನಿಯ ನೌಕರರಾಗಿರಬಾರದು. ನಿಮ್ಮದು, ಗಂಡ ಅಥವಾ ಹೆಂಡತಿಯದು, ಅಪ್ಪ-ಅಮ್ಮನದು, ಮಕ್ಕಳದು ಎಲ್ಲ ಸೇರಿ ಪಾಲು ಶೇ 30 ಮೀರಬಾರದು. ಅಣ್ಣ, ತಮ್ಮ, ಅಕ್ಕ, ತಂಗಿ ಈ ಲೆಕ್ಕಕ್ಕೆ ಬರುವುದಿಲ್ಲ.

ಈಗ ಮರಳುವ ಮಾತು. ಇಂಥ ಕಂಪನಿ ಮುಳುಗುವುದು ಅಪರೂಪವಲ್ಲ, ಸರ್ಕಾರ ರಿಯಾಯಿತಿ ಕೊಡುವುದೇ ಆ ಅಪಾಯಕ್ಕೆ. ನಿಮ್ಮ 10,000 ಪೂರ್ತಿ ಹೋಯಿತು ಅನ್ನಿ. 3,000 ಆಗಲೇ ಬಂದಿದೆ, ನಷ್ಟ 7,000. ಶೇ 40ರ ತೆರಿಗೆ ಕಟ್ಟುವವರು ಆ 7,000ವನ್ನು ಸಂಬಳದ ಆದಾಯದಿಂದ ಕಳೆದು ಇನ್ನೊಂದು 2,800 ಉಳಿಸಬಹುದು, ಕೊನೆಗೆ ಕೈಬಿಡುವುದು 4,200. ಹಣ ಕೇಳುವವರು ಹುರುಪಿನಿಂದ ತೋರಿಸುವ ಲೆಕ್ಕ ಇದೇ. ಆದರೆ ಆ 2,800 ಸಿಗಬೇಕಾದರೆ ನಷ್ಟವಾದ ವರ್ಷ ಅಥವಾ ಅದರ ಹಿಂದಿನ ವರ್ಷ ನಿಮಗೆ ಬ್ರಿಟನ್ನಿನಲ್ಲಿ ತೆರಿಗೆ ಬೀಳುವ ಆದಾಯ ಇರಬೇಕು. ಅಪ್ಪನ ಆರೋಗ್ಯ ಕೆಟ್ಟಿತೆಂದು ಮೂರನೇ ವರ್ಷ ಹೊರಟು, ಐದನೇ ವರ್ಷ ಕಂಪನಿ ಮುಚ್ಚಿದರೆ ಕಳೆಯುವುದಕ್ಕೆ ಇಲ್ಲಿ ಸಂಬಳವೇ ಇರುವುದಿಲ್ಲ. ಇಷ್ಟು ವರ್ಷ ತೆರಿಗೆ ಕಟ್ಟಿದ ನಮ್ಮವರು ಈ ಒಂದು ವಿಷಯ ತಿಳಿಯದೆ ಕಳೆದುಕೊಳ್ಳುವುದು ನನಗೆ ತುಂಬ ನೋವಿನ ಸಂಗತಿ. ಹೊರಡುವ ಮುಂಚೆ ಒಂದೊಂದು ಕಂಪನಿಯ ಸ್ಥಿತಿಯನ್ನೂ ನೋಡಿ. ಷೇರಿಗೆ ಬೆಲೆಯೇ ಉಳಿದಿಲ್ಲ ಎಂದಾದರೆ ಕಂಪನಿ ಮುಚ್ಚುವ ತನಕ ಕಾಯದೆ ಈಗಲೇ ನಷ್ಟವೆಂದು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಕೇಳುವ ನೆಗ್ಲಿಜಿಬಲ್ ವ್ಯಾಲ್ಯೂ ಕ್ಲೇಮ್ ಹಾಕಬಹುದು.

ಲಾಭವಾದರೂ ತೊಡಕಿದೆ. ಇಲ್ಲಿನ ಕ್ಯಾಪಿಟಲ್ ಗೇನ್ಸ್ ವಿನಾಯಿತಿಗೆ ಭಾರತದಲ್ಲಿ ಬೆಲೆಯಿಲ್ಲ. ಅಲ್ಲಿ ಪೂರ್ಣ ರೆಸಿಡೆಂಟ್ ಆದ ಮೇಲೆ ಮಾರಿದರೆ, 24 ತಿಂಗಳು ಮೀರಿ ಇಟ್ಟಿದ್ದ ಷೇರಿನ ಲಾಭಕ್ಕೆ ಶೇ 12.5 ತೆರಿಗೆ, ಮೇಲೆ ಸೆಸ್. ಮರಳಿದ ಹೊಸತರಲ್ಲಿ ಹೊರದೇಶದ ಇಂಥ ಲಾಭಕ್ಕೆ ಅಲ್ಲಿ ತೆರಿಗೆ ಬೀಳದಂತೆ ಮಾಡುವ ಆರ್‌ಎನ್‌ಒಆರ್ ಸ್ಥಾನಮಾನ ಇದೆಯಲ್ಲ ಅನ್ನುತ್ತಾರೆ. ಅದಕ್ಕೆ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದ ದಿನಗಳು 729 ಮೀರಿರಬಾರದು, ಇಲ್ಲವೇ ಹಿಂದಿನ 10ರಲ್ಲಿ 9 ವರ್ಷ ಎನ್‌ಆರ್‌ಐ ಆಗಿರಬೇಕು. ಐದೇ ವರ್ಷಕ್ಕೆ ಮರಳುವವರು ಇಲ್ಲಿಗೆ ಬರುವ ಮುಂಚಿನ ಎರಡು ವರ್ಷಕ್ಕೆ ದಸರೆ, ಮದುವೆ, ಮುಂಜಿಗೆ ಹೋಗಿಬಂದ ದಿನಗಳನ್ನು ಕೂಡಿಸಿದರೆ 729 ದಾಟಿಯೇ ಬಿಡುತ್ತದೆ. ಅಲ್ಲಿನ ತೆರಿಗೆ ರಿಟರ್ನ್‌ನಲ್ಲಿ ಹೊರದೇಶದ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎ ತುಂಬುವುದನ್ನೂ ಮರೆಯಬೇಡಿ.

ಆದ್ದರಿಂದ 10,000 ಬೇಡ. ನಿಮ್ಮಂಥ ಹೊಸಬರಿಂದ ಇಲ್ಲಿನ ಹೂಡಿಕೆ ಪ್ಲಾಟ್‌ಫಾರ್ಮ್‌ಗಳು ಬರೆಸಿಕೊಳ್ಳುವ ಹೇಳಿಕೆಯಲ್ಲೇ ನಿವ್ವಳ ಆಸ್ತಿಯ ಶೇ 10ರ ಮಿತಿ ಇದೆ. ನಿಮ್ಮ ಉಳಿತಾಯ 20,000 ಎಂದು ಬರೆದಿದ್ದೀರಿ, 2,000ಕ್ಕೆ ನಿಲ್ಲಿಸಿ. ಗೆಳೆಯರಿಗೆ ಬೇಸರವಾದರೆ ಆಗಲಿ.